ಸದ್ದಿನ ವಾಲ್ವು

ಚಳಿ ಬಿಡುತ್ತ ಬಂದ ಕಾಲ, ಬೀದಿದೀಪ ಹೊತ್ತಿಕೊಳ್ಳುವ ಹೊತ್ತು. ಸೊಸೆ ಕಾರು ತಂದು ಗೇಟಿನೊಳಗೆ ನಿಲ್ಲಿಸಿ ಮನೆಯೊಳಗೆ ಬಂದರೂ ಅತ್ತೆ ಕುರ್ಚಿಯಿಂದ ಎದ್ದಿರಲಿಲ್ಲ. ಒಲೆ ತಣ್ಣಗಿತ್ತು. ಮುದುಕಿ ಕಿಟಕಿಯ ಕಡೆಗೇ ಮುಖ ಮಾಡಿ, "ಇನ್ನೂ ಬರಲಿಲ್ಲವಲ್ಲ," ಅಂದರು. ಆಮೇಲೆ ತಿರುಗಿ, ಸೊಸೆಯ ಕೈಲಿದ್ದ ಕಾರಿನ ಕೀಲಿ ಕಂಡು ಬಾಯಿಗೆ ಕೈ ಅಡ್ಡ ಹಿಡಿದರು.

ಕಾರು ಮಗನದು. ಅವನು ಕಾಯಿಲೆ ಬಿದ್ದು ತೀರಿಕೊಂಡು ವರ್ಷದ ಮೇಲಾಗಿತ್ತು. ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದ ಕಾರು; ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಒಳಗೆ ಒತ್ತಿಕೊಂಡ ಗಾಳಿಗೆ ದಾರಿ ಬಿಡಲು ಒಂದು ವಾಲ್ವು ಬೇಕು. ಕಂಪನಿಯವರು ಕೊಟ್ಟದ್ದು ತೆಪ್ಪಗೆ ಕೆಲಸ ಮಾಡುವಂಥದ್ದು. ಅವನು ಅದನ್ನು ಕೀಳಿಸಿ ಸದ್ದು ಮಾಡುವಂಥದ್ದನ್ನು ಹಾಕಿಸಿಕೊಂಡಿದ್ದ. ಕಾಲು ತೆಗೆದರೆ ಬುಸ್ಸ್ ಅಂತ, ದಣಿದ ಮನುಷ್ಯ ಉಸಿರು ಬಿಟ್ಟ ಹಾಗೆ. ಸಂಜೆ ಬೀದಿಯ ತುದಿಯಲ್ಲಿ ಆ ಸದ್ದು ಕೇಳಿದರೆ ತಾಯಿ ಎದ್ದು ಒಲೆ ಹಚ್ಚುತ್ತಿದ್ದರು. ಅವನು ಬೂಟು ಬಿಚ್ಚುವಷ್ಟರಲ್ಲಿ ಊಟ ಬಿಸಿಯಾಗಿರುತ್ತಿತ್ತು.

ಅವನು ಹೋದ ಮೇಲೆ ಸೊಸೆ ಅದೇ ಕಾರಿನಲ್ಲಿ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗಿಬರತೊಡಗಿದಳು. ಮೊದಲ ಸಂಜೆ ಬೀದಿಯ ತುದಿಯಲ್ಲಿ ನಾಯಿ ಅಡ್ಡ ಬಂತೆಂದು ಕಾಲು ತೆಗೆದಿದ್ದಳು, ಅಷ್ಟೆ. ಮನೆಗೆ ಬಂದರೆ ಒಲೆ ಹೊತ್ತಿತ್ತು, ಅತ್ತೆ ಅದರ ಮುಂದೆ ನಿಂತಿದ್ದರು. ವಾರಗಟ್ಟಲೆ ಹಾಸಿಗೆ ಬಿಟ್ಟು ಏಳದಿದ್ದ ಹೆಂಗಸು. ಅಂದಿನಿಂದ ಸೊಸೆ, ನಾಯಿ ಇರಲಿ ಇಲ್ಲದಿರಲಿ, ಆ ನೇರ ರಸ್ತೆಯಲ್ಲಿ ಬೇಕೆಂದೇ ಒಮ್ಮೆ ಒತ್ತಿ ಕಾಲು ತೆಗೆಯುತ್ತಿದ್ದಳು. ಅತ್ತೆ ಏಳಲಿ ಅಂತ. ನಾದಿನಿ ಫೋನು ಮಾಡಿ, ಅಮ್ಮಾ, ನನ್ನ ಮನೆಗೆ ಬಂದುಬಿಡು ಅಂತ ಕರೆದಾಗಲೆಲ್ಲ ಅತ್ತೆ, ಸಂಜೆ ಹೊತ್ತು ಇಲ್ಲಿ ನಾನಿರಬೇಕು ಕಣೇ ಅನ್ನುತ್ತಿದ್ದರು. ಅದು ಕಿವಿಗೆ ಬಿದ್ದರೆ ಸೊಸೆಗೆ ಹೋದ ಜೀವ ಬಂದಂತಾಗುತ್ತಿತ್ತು. ಗಂಡನಿಲ್ಲದ ಮನೆಗೆ, ಅತ್ತೆಯೂ ಇಲ್ಲದೆ, ಬೀಗ ತೆಗೆದುಕೊಂಡು ಒಬ್ಬಳೇ ಹೋಗುವುದನ್ನು ಅವಳಿಗೆ ನೆನೆಯಲೂ ಆಗುತ್ತಿರಲಿಲ್ಲ.

ಈಗ ಆ ವಾಲ್ವು ಕೆಟ್ಟು ಕಾರಿಗೆ ಸದ್ದೂ ಇಲ್ಲ, ಏರಿನಲ್ಲಿ ಎಳೆತವೂ ಇಲ್ಲ.

ಶನಿವಾರ ಅವಳು ಗ್ಯಾರೇಜಿಗೆ ಹೊರಟಾಗ ಅತ್ತೆ, ನಾನೂ ಬರ್ತೀನಿ ಅಂದರು. ಮಗ ಹೋದ ಮೇಲೆ ಆ ಕಾರಿನಲ್ಲಿ ಅವರು ಕೂತದ್ದು ಅದೇ ಮೊದಲು.

ಮೆಕ್ಯಾನಿಕ್ಕು ಮಗನ ಗೆಳೆಯ, ಎಲ್ಲರ ಬಾಯಲ್ಲೂ ಡುಮ್ಮಣ್ಣ. ಈಚೆಗೆ ಕಾರಿನ ಕೆಳಗೆ ನುಗ್ಗುವುದನ್ನು ಬಿಟ್ಟಿದ್ದ. ನುಗ್ಗಿದರೆ ನನ್ನನ್ನ ಎಳೆಯೋಕೆ ಇನ್ನೊಂದು ಕಾರು ಬೇಕು ಅನ್ನುತ್ತಿದ್ದ. ವಾಲ್ವು ಬಿಚ್ಚಿ, ಒಳಗಿನ ರಬ್ಬರು ಪೊರೆ ಹರಿದಿದ್ದನ್ನು ಬೆರಳು ತೂರಿಸಿ ತೋರಿಸಿದ. ಮೇಜಿನ ಮೇಲೆ ಎರಡು ಹೊಸವನ್ನು ತಂದಿಟ್ಟ. ಒಂದು ಹೊಳೆಯುವಂಥದ್ದು, ಗಾಳಿಯನ್ನು ಹೊರಗೆ ಬಿಡುತ್ತದೆ. ಇನ್ನೊಂದು ಕಪ್ಪನೆಯದು, ಗಾಳಿಯನ್ನು ತಿರುಗಿಸಿ ಒಳಗೇ ಕಳಿಸುತ್ತದೆ, ಸದ್ದಿಲ್ಲ. ಈ ಕಾರು ಒಳಗೆ ಬಂದ ಗಾಳಿಯನ್ನು ಅಳೆದು ಪೆಟ್ರೋಲು ಕೊಡುತ್ತೆ, ಅಳೆದ ಗಾಳಿ ಹೊರಗೆ ಹೋದರೆ ನಿಧಾನಕ್ಕೆ ಹೋಗುವಾಗ ಮುಗ್ಗರಿಸುತ್ತೆ, ಕಪ್ಪನೆಯದೇ ಮೇಲು ಅಂದ. ಅವನಿಗೂ ಹೇಳಿದ್ದೆ, ಕೇಳಬೇಕಲ್ಲ, ಅಂತ ಸೇರಿಸಿದ.

"ಮುಗ್ಗರಿಸಲಿ ಅಣ್ಣ, ನನಗೆ ಅಭ್ಯಾಸ ಆಗಿದೆ. ಹೊಳೆಯೋದೇ ಹಾಕಿ," ಅಂದಳು ಸೊಸೆ.

ಅವನು ಅತ್ತೆಯ ಕಡೆ ನೋಡಿದ. ಅವರು ಬೆಂಚಿನ ಮೇಲೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಹಲ್ಲು ಕೀಳಿಸಲು ಬಂದವರ ಹಾಗೆ ಕೂತಿದ್ದರು. ಅವನು ಹೊಳೆಯುವುದನ್ನು ಕೂರಿಸಿ, ಒಂದು ಸುತ್ತು ಓಡಿಸಿ ನೋಡ್ತೀನಿ ಅಂತ ಹೊರಟ.

ಸೊಸೆ ಅತ್ತೆಗೆ ಎದುರಾಗಿ ಮೇಜಿಗೆ ಒರಗಿ ನಿಂತಳು. ಪಕ್ಕದಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಬಡಿತ ನಿಂತಿತು. ಆಗ ಗೋಡೆಯ ಆಚೆಯಿಂದ, ಬೀದಿಯ ತುದಿಯಿಂದ, ಬಂತು. ಬುಸ್ಸ್.

ಅತ್ತೆ ಎದ್ದು ನಿಂತರು. ಇಷ್ಟು ದಿನ ಸೊಸೆ ಕಂಡಿದ್ದು ಒಲೆಯ ಮುಂದಿನ ಬೆನ್ನನ್ನು ಮಾತ್ರ. ಮುಖ ಕಂಡದ್ದು ಈಗ. ಸುಕ್ಕೆಲ್ಲ ಬಿಚ್ಚಿಕೊಂಡು ಎಷ್ಟೋ ವರ್ಷ ಹಿಂದಕ್ಕೆ ಹೋದಂಥ ಮುಖ. ಬಾಯಿ ಯಾರನ್ನೋ ಕರೆಯಲು ತೆರೆದಿತ್ತು. ಕಾರು ಒಳಗೆ ಬಂತು, ಡುಮ್ಮಣ್ಣ ಏದುಸಿರು ಬಿಡುತ್ತ ಇಳಿದ. ಅತ್ತೆಯ ಕಣ್ಣು ಅವನನ್ನು ದಾಟಿ ಕಾರಿನೊಳಗೆ ಹುಡುಕಿತು. ಹಿಂದಿನ ಸೀಟಿನಲ್ಲೂ ಹುಡುಕಿತು. ಆಮೇಲೆ ಮುಖ ಮುಚ್ಚಿಕೊಂಡಿತು. ಕೈಚೀಲ ನೆಲಕ್ಕೆ ಬಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಸೊಸೆ ಚೀಲ ಎತ್ತಿಕೊಟ್ಟು ಪಕ್ಕದಲ್ಲಿ ಕೂತಳು.

"ದಿನಾ ಹಿಂಗೇನಾ ಅತ್ತೆ?"

"ಮೊದಲು ಅವನು ಅಂತಲೇ ಏಳ್ತೀನಿ. ಒಲೆ ಹಚ್ಚಿದ ಮೇಲೆ ನೆನಪಾಗುತ್ತೆ."

"ದಿನಾ?"

"ನೀನು ಬರೋಷ್ಟರಲ್ಲಿ ಸರಿ ಮಾಡ್ಕೊಂಡಿರ್ತೀನಿ ಬಿಡು. ನೀನೂ ಹಸಿದು ಬಂದಿರ್ತೀಯ."

ಸದ್ದು ನಿಂತರೆ ಅತ್ತೆಯನ್ನು ಮನೆಯಲ್ಲಿ ಹಿಡಿದಿಡಲು ಏನೂ ಉಳಿಯುವುದಿಲ್ಲ ಅಂತ ಸೊಸೆಗೆ ಕೂತಲ್ಲೇ ಗೊತ್ತಿತ್ತು.

"ಅಣ್ಣ, ಅದನ್ನ ಬಿಚ್ಚಿ," ಅಂದಳು. "ಕಪ್ಪನೆಯದು ಹಾಕಿ."

ಈ ಮನೆಯವರು ಒಂದು ಸಲಕ್ಕೆ ಮನಸ್ಸು ಮಾಡಿದ್ದನ್ನ ನಾನು ಕಾಣೆ ಅಂತ ಗೊಣಗುತ್ತ ಡುಮ್ಮಣ್ಣ ಸ್ಪ್ಯಾನರು ಎತ್ತಿಕೊಂಡ. ಅತ್ತೆ ಸೊಸೆಯ ಕೈಯನ್ನು ಎಳೆದು ತಮ್ಮ ಚೀಲದ ಮೇಲೆ ಇಟ್ಟುಕೊಂಡರು.

ಸೋಮವಾರ ಅತ್ತೆ ತಾವೇ ಮಗಳಿಗೆ ಫೋನು ಮಾಡಿದರು. ಸೊಸೆ ಬೇಡ ಅನ್ನಲು ಬಾಯಿ ತೆರೆದವಳು, ಅಟ್ಟದಿಂದ ಪೆಟ್ಟಿಗೆ ಇಳಿಸಿಕೊಟ್ಟಳು. ಆಗಾಗ ಬರ್ತೀನಿ, ನೀನೂ ಬಾ, ಹೊತ್ತಿಗೆ ಸರಿಯಾಗಿ ತಿನ್ನು ಅಂತ ಅತ್ತೆ ಬಟ್ಟೆ ಮಡಚುತ್ತ ಮಡಚುತ್ತ ಹೇಳಿದರು.

ಗುರುವಾರ, ಮಗಳ ಗಂಡ ವ್ಯಾನು ತಂದ ಬೆಳಿಗ್ಗೆ, ದಾರಿಗೆ ಬೇಕಾದ ಮಾತ್ರೆ ತರಲು ಸೊಸೆ ಕಾರಿನಲ್ಲಿ ಹೋಗಿ ಆಗಷ್ಟೇ ಬಂದಿದ್ದಳು. ಅತ್ತೆ ವ್ಯಾನಿನ ಕಡೆ ನಡೆದವರು ಕಾರಿನ ಹತ್ತಿರ ನಿಂತರು. ಬಾನೆಟ್ಟು ಇನ್ನೂ ಬಿಸಿ ಇತ್ತು. ಮಗುವಿನ ಹಣೆಯಲ್ಲಿ ಜ್ವರ ನೋಡುವ ಹಾಗೆ ಅದರ ಮೇಲೆ ಅಂಗೈ ಇಟ್ಟು ನಿಂತೇ ಇದ್ದರು. ಅಳಿಯ ಹಾರ್ನ್ ಮಾಡಲಿಲ್ಲ. ಸೊಸೆ ಗೇಟು ಹಿಡಿದುಕೊಂಡಿದ್ದಳು.

ಆಮೇಲೆ ಅತ್ತೆ ವ್ಯಾನು ಹತ್ತಿದರು.