ಬಿಳಿ ಕಂಡಲ್ಲೆಲ್ಲ ನೊರೆ

ನಾನು ಒಂದು ಶೇವಿಂಗ್ ಬ್ರಷ್. ಹಂದಿಯ ಬೆನ್ನಿನ ಒರಟು ಕೂದಲು, ಮರದ ಹಿಡಿ, ನಡುವೆ ಒಂದಿಷ್ಟು ಅಂಟು, ಇಷ್ಟೇ ನನ್ನ ಜನ್ಮ. ಹುಟ್ಟಿನಿಂದಲೇ ನಾನು ಪುಕ್ಕಲ. ಅಂಟು ಆರುವ ಮೊದಲೇ ಕೂದಲು ಉದುರೀತೆಂದು ಹೆದರಿದೆ. ಪೆಟ್ಟಿಗೆಗೆ ಹಾಕಿದಾಗ ಕತ್ತಲೆಗೆ ಹೆದರಿದೆ. ರಾಣೆಬೆನ್ನೂರಿನ ಅಂಗಡಿಯೊಂದರಲ್ಲಿ ಹೊರತೆಗೆದು ನೇತುಹಾಕಿದಾಗ ಬೆಳಕಿಗೂ ಹೆದರಿದೆ.

ಅಲ್ಲಿಗೆ ಗುರುಶಾಂತಪ್ಪ ಹಡಪದ ಬಂದ. ಅದೇ ಊರಿನಲ್ಲಿ ಕ್ಷೌರದಂಗಡಿ ಇಟ್ಟವನು. ಅಂಗಡಿಯವನು ಮೆತ್ತನೆಯ ನೈಲಾನ್ ಬ್ರಷ್‌ಗಳನ್ನು ಮುಂದಿಟ್ಟ. ಗುರುಶಾಂತಪ್ಪ ಒಂದೊಂದನ್ನೂ ಅಂಗೈಗೆ ಉಜ್ಜಿ, ಕೆನ್ನೆಗೆ ಒತ್ತಿ ಬದಿಗಿಟ್ಟ. ನನ್ನ ಕೂದಲು ಹಿಡಿದು ಎಳೆದಾಗಲಂತೂ ಬಾಯಿಲ್ಲದ ನನಗೂ ಜೀವ ಬಾಯಿಗೆ ಬಂತು. ಒಂದು ಕೂದಲೂ ಉದುರಲಿಲ್ಲ.

"ಎಲ್ಲಾ ಒಂದ ಅದಾವ, ತಗೋರಿ ಕಾಕಾ," ಅಂಗಡಿಯವನು ರೇಗಿದ.

"ನೊರಿ ಗಟ್ಟಿ ನಿಲ್ಲಬೇಕಪಾ. ಬೆಳ್ಳಗ ಎದ್ದು ಕಾಣಬೇಕು," ಎಂದ ಗುರುಶಾಂತಪ್ಪ.

ಯಾಕೆಂದು ನನಗೆ ತಿಳಿದದ್ದು ಅವನ ಕೈ ಸೇರಿದ ಮೇಲೆ. ಗುರುಶಾಂತಪ್ಪನ ಕಣ್ಣು ಮಂಜಾಗಿತ್ತು. ಹೋದ ದೃಷ್ಟಿ ಬಾರದೆಂದು ಡಾಕ್ಟರು ಕೈಚೆಲ್ಲಿದ್ದರು. ಗಿರಾಕಿಯ ಮುಖದಲ್ಲಿ ಅವನಿಗೆ ಕಾಣುತ್ತಿದ್ದದ್ದು ನಾನು ಬಳಿದ ನೊರೆಯೊಂದೇ. ಬಿಳಿ ಕಂಡಲ್ಲಿ ಕತ್ತಿ ಎಳೆಯುವುದು, ಬಿಳಿ ಹೋದರೆ ಕೆಲಸ ಮುಗಿದಂತೆ. ಊರಿಗೆ ಗೊತ್ತಾದರೆ ಅವನ ಮುಂದೆ ಯಾರು ಕುತ್ತಿಗೆ ಎತ್ತಿ ಕೂತಾರು? ಬೇರೆ ಕಸುಬಂತೂ ಅವನಿಗೆ ಬರುತ್ತಿರಲಿಲ್ಲ. ಹಾಗಾಗಿ ನಾನು ಜೀವ ತೇಯ್ದು ನೊರೆಯನ್ನು ದಪ್ಪಗೆ ಬಳಿಯುತ್ತಿದ್ದೆ. ಕತ್ತಿ ಗಂಟಲಿಗೆ ಇಳಿದಾಗಲೆಲ್ಲ ಬಟ್ಟಲಲ್ಲಿ ಕೂತು ನಡುಗುತ್ತಿದ್ದೆ.

ಗಿರಾಕಿಗಳಲ್ಲಿ ಟೇಲರ್ ಮಾರ್ತಾಂಡಪ್ಪ ಎಂಬವನಿದ್ದ. ಅವನ ಕೈಗೆ, ತುಟಿಯಂಚಿಗೆ ತೊನ್ನು ಸಣ್ಣ ಚುಕ್ಕೆಗಳಾಗಿ ಮೂಡಿತ್ತು. ತೊನ್ನು ಅಂಟುವಂಥದ್ದಲ್ಲ. ಆದರೂ ಬೇರೆ ಅಂಗಡಿಯವರು ಅವನನ್ನು ಬಾಗಿಲಿನಿಂದಲೇ ಸಾಗಹಾಕಿದ್ದರು. ಒಬ್ಬನಂತೂ ಅವನಿಗೆ ಮುಟ್ಟಿಸಿದ ಬ್ರಷ್ಷನ್ನು ಗಟಾರಕ್ಕೆ ಎಸೆದನಂತೆ. ಕಿಟಕಿಯಲ್ಲಿ ಒಣಗುತ್ತಿದ್ದ ನನ್ನ ಕಿವಿಗೆ ಬೀದಿಯ ಈ ಹರಟೆ ಬಿದ್ದ ದಿನ ನನ್ನ ಕೂದಲೆಲ್ಲ ನಿಮಿರಿ ನಿಂತಿತು. ಗುರುಶಾಂತಪ್ಪ ಮಾತ್ರ "ಬಾ ತಮ್ಮಾ, ಕುಂಡ್ರು" ಎನ್ನುತ್ತಿದ್ದ. ಕಣ್ಣಿಗೆ ಕಾಣದ್ದಕ್ಕೆ ಹಾಗೆನ್ನುತ್ತಾನೆಂದು ನನಗೆ ಗೊತ್ತು. ದೊಡ್ಡ ಮನಸ್ಸಿನವನೆಂದು ಮಾರ್ತಾಂಡಪ್ಪ ತಿಳಿದಿದ್ದ.

ಒಂದು ಮಧ್ಯಾಹ್ನ ಅವನು ಬಂದು ಕೂತಾಗ ನೋಡುತ್ತೇನೆ, ತೊನ್ನು ಗದ್ದದ ಕೆಳಗೂ ಇಳಿದಿದೆ! ನಾನು ನೊರೆ ಬಳಿದೆ. ಕತ್ತಿ ಅದನ್ನು ತೆಗೆಯಿತು. ಬಿಳಿ ಮಾತ್ರ ಹೋಗಲಿಲ್ಲ. ಗುರುಶಾಂತಪ್ಪ ಮತ್ತೆ ಎಳೆದ. ಮತ್ತೂ ಎಳೆದ, ಒಣ ಚರ್ಮದ ಮೇಲೆ, ಗಂಟಲ ನರದ ಪಕ್ಕದಲ್ಲೇ. ರಕ್ತ ಜಿನುಗಿತು. ಅದೂ ಅವನಿಗೆ ಕಾಣಲಿಲ್ಲ. ನಾನು ಕೂಗಲಾರೆ. ಕೂಗಬಲ್ಲ ಮಾರ್ತಾಂಡಪ್ಪ, ಇಲ್ಲಿಂದಲೂ ಎಬ್ಬಿಸಿ ಕಳಿಸಿಯಾರೆಂದು ಕುರ್ಚಿ ಹಿಡಿದು ಸುಮ್ಮನಿದ್ದ. "ನೊರಿ ಇನ್ನೂ ಉಳದೈತಿ," ಎಂದು ಗೊಣಗುತ್ತ ಗುರುಶಾಂತಪ್ಪ ಕತ್ತಿಯನ್ನು ಮತ್ತೆ ಎತ್ತಿದ.

"ಅಣ್ಣಾ, ಅದು ನೊರಿ ಅಲ್ರಿ. ನನ್ನ ಚರ್ಮ ರೀ."

ಕತ್ತಿ ನಿಂತಿತು.

"ತೊನ್ನು ಐತ್ರಿ ನನಗ," ಎಂದ ಮಾರ್ತಾಂಡಪ್ಪ. "ಗೊತ್ತಿದ್ದೂ ಮುಟ್ಟತೀರಿ ಅನ್ಕೊಂಡಿದ್ದೆ."

ನನ್ನ ಕಣ್ಣ ಮುಂದೆ ಗಟಾರ ಬಂತು. ಗುರುಶಾಂತಪ್ಪ ಕತ್ತಿ ಕೆಳಗಿಟ್ಟ. ಹೆಬ್ಬೆರಳಿನಿಂದ ಆ ಜಾಗ ಹುಡುಕಿ ಸವರಿದ. ಬೆರಳು ಒದ್ದೆಯಾಯಿತು.

"ರಕ್ತ ಏನೋ ತಮ್ಮಾ?"

"ಒಂದೀಟ."

"ನನಗ ಕಣ್ಣ ಕಾಣಂಗಿಲ್ಲಪಾ."

ಆ ಮಾತನ್ನು ಗುರುಶಾಂತಪ್ಪ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ರಕ್ತ ನಿಲ್ಲಲೆಂದು ಗಾಯಕ್ಕೆ ಪಟಿಕದ ಹರಳು ಒತ್ತಿ, ಅಂದೇ ಅಂಗಡಿಯನ್ನು ಕಾಯಂ ಮುಚ್ಚಿದ. ನನ್ನನ್ನು ಮಾರ್ತಾಂಡಪ್ಪನ ಕೈಗಿಟ್ಟ.

ಈಗ ನಾನು ಮಾರ್ತಾಂಡಪ್ಪನ ಬಚ್ಚಲ ಗೂಡಿನಲ್ಲಿದ್ದೇನೆ. ಅರ್ಧ ಕೂದಲು ಉದುರಿದೆ. ಭಾನುವಾರ ಗುರುಶಾಂತಪ್ಪ ಗೋಡೆ ಹಿಡಿದು ಬರುತ್ತಾನೆ. ಅವನ ಗಡ್ಡ ಈಗ ಮಾರ್ತಾಂಡಪ್ಪನ ಪಾಲಿಗೆ. ಬಟ್ಟೆ ಕತ್ತರಿಸಿದ ಕೈ ಕತ್ತಿಗೆ ಇನ್ನೂ ಒಗ್ಗಿಲ್ಲ, ಗಂಟಲ ಹತ್ತಿರ ಬಂದರೆ ನಿಂತುಬಿಡುತ್ತದೆ.

"ಹೆದರಬ್ಯಾಡ, ಎಳಿ," ಎಂದು ಗುರುಶಾಂತಪ್ಪ ಕುತ್ತಿಗೆ ಎತ್ತಿ ಕೊಡುತ್ತಾನೆ.

ಇಷ್ಟು ವರ್ಷ ಈ ಹೆದರಿಕೆ ನನ್ನೊಬ್ಬನದೇ ಎಂದುಕೊಂಡಿದ್ದೆ. ಕತ್ತಿ ತಾಗುವ ಮೊದಲು ಗುರುಶಾಂತಪ್ಪನೂ ತನ್ನ ಕಾಣದ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತಾನೆ.