ಎರಡು ಗೇಣಿನ ದಿಂಬು

ನಾನು ಒಂದು ದಿಂಬು. ಬೂರುಗದ ಹತ್ತಿಯ ಒಡಲು, ನೀಲಿ ಗೀಟಿನ ಗವಸು. ದಾವಣಗೆರೆಯ ಹಳೇ ಪೇಟೆಯಲ್ಲಿ ಗಾದಿ ಹೊಲಿಯುವ ಇಮಾಮ್ ಸಾಬರ ಅಂಗಡಿಯಲ್ಲಿ ಹುಟ್ಟಿದೆ. ನನ್ನ ಅಳತೆ ತಪ್ಪಿದ್ದೂ ಅಲ್ಲಿಯೇ.

ನನ್ನನ್ನು ಬಯಸಿದವಳು ವಿಶಾಲಾಕ್ಷಿ. ಮಗಳು ಚಂದನಾ ಹುಟ್ಟಿದ ಮೇಲೆ ಅವಳ ಸೊಂಟ ಸೋತುಹೋಗಿತ್ತು. ಕೂರುವಾಗ ಬೆನ್ನಿಗೊಂದು ಆಸರೆ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಹಿತ್ತಿಲ ಬಾಗಿಲ ಬಳಿಯ ಬೆತ್ತದ ಕುರ್ಚಿ ಅವಳದು. ಅದರ ಒಂದು ಕೈಯಿಂದ ಇನ್ನೊಂದು ಕೈವರೆಗೆ ಅವಳು ಗೇಣು ಹಾಕಿ ಅಳೆದಳು. "ಎರಡು ಗೇಣು ಅಂತ ಹೇಳ್ರಿ ಸಾಕು," ಎಂದು ಗಂಡ ತಿಪ್ಪೇಶನನ್ನು ಅಂಗಡಿಗೆ ಕಳಿಸಿದಳು.

ತಿಪ್ಪೇಶ ಹಾಗೆಯೇ ಹೇಳಿದ. ಇಮಾಮ್ ಸಾಬರು ಬಟ್ಟೆಯ ಮೇಲೆ ಅಂಗೈ ಚಾಚಿದರು. ಬದುಕಿಡೀ ಹತ್ತಿ ಎಕ್ಕಿದ ಕೈ, ಮೊರದಷ್ಟು ಅಗಲ.

"ಎರಡೇ ಅಲ್ಲೇನ್ರಿ?"

"ಹೂಂ ಸಾಬ್ರೆ. ಸ್ವಲ್ಪ ಗಟ್ಟಿಯಾಗೇ ತುಂಬ್ರಿ, ನಮ್ಮನೆಯಾಕಿಗೆ ಸೊಂಟನೋವು."

ಪಾಪ, ಮರುಕದಿಂದ ಇನ್ನೊಂದು ಹಿಡಿ ಹೆಚ್ಚೇ ತುಂಬಿದರು. ವಿಶಾಲಾಕ್ಷಿಯ ಕೈ ಎಷ್ಟು ಚಿಕ್ಕದು ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಮನೆಗೆ ಬಂದ ದಿನವೇ ನನ್ನನ್ನು ಕುರ್ಚಿಗೆ ತುರುಕಿದರು. ಉಬ್ಬಿಕೊಂಡು ಕೂತೆ. ವಿಶಾಲಾಕ್ಷಿ ಒರಗಿದರೆ ನಾನೇ ಅವಳನ್ನು ಮುಂದಕ್ಕೆ ನೂಕುತ್ತಿದ್ದೆ. ಅವಳಿಗೆ ಉಳಿದದ್ದು ಕುರ್ಚಿಯ ಅಂಚು.

"ಕುರ್ಚಿ ಮ್ಯಾಲೆ ನೀ ಕುಂತಿಯೋ, ದಿಂಬು ಕುಂತೈತೋ?" ಎಂದರು ಅವಳ ಅತ್ತೆ ಹಾಲಮ್ಮ. ಎಲ್ಲರೂ ನಕ್ಕರು. ಸೊಂಟ ಹಿಡಿದುಕೊಂಡು ಅವಳೂ ನಕ್ಕಳು.

"ವಾಪಸ್ ಕೊಟ್ಟು ಬರ್ಲೇನು?" ತಿಪ್ಪೇಶ ಕೇಳಿದ.

"ಇರ್ಲಿ ಬಿಡ್ರಿ. ಸೋಫಾಕ್ಕೆ ಆಗ್ತತಿ."

ಸೋಫಾಕ್ಕೆ ನಾನು ಸಣ್ಣವನಾದೆ. ಯಾರಾದರೂ ಒರಗಿದರೆ ಜಾರಿ ಸಂದಿಗೆ ಬೀಳುತ್ತಿದ್ದೆ. ಆದರೂ ತಿಪ್ಪೇಶನ ತಲೆ ಹೊತ್ತೆ, ನೆಂಟರ ಮೊಣಕೈ ಹೊತ್ತೆ. ಆಮೇಲೆ ಚಂದನಾ ಮಗುಚಿಕೊಳ್ಳಲು ಕಲಿತಾಗ ಮಂಚದ ಅಂಚಿಗೆ ಗೋಡೆಯಾದೆ. ಅವಳು ಕಕ್ಕಿದ ಹಾಲಿನ ವಾಸನೆ ನನ್ನ ಹತ್ತಿಗೆ ಇಳಿಯಿತು. ಅವಳು ಶಾಲೆಗೆ ಹೋಗುವ ಹೊತ್ತಿಗೆ ಹಾಲಮ್ಮನ ಮಂಡಿ ಊದಿಕೊಂಡಿತು. ಆ ಮಂಡಿಗಳ ಕೆಳಗೆ ಬಹಳ ವರ್ಷ ಮಲಗಿದೆ.

ನಡುವೆ ಆಗೊಮ್ಮೆ ಈಗೊಮ್ಮೆ ವಿಶಾಲಾಕ್ಷಿ ನನ್ನನ್ನು ಬಿಸಿಲಿಗೆ ಹಾಕಿ, ಕೊಡವಿ, ಮಡಿಲಲ್ಲಿಟ್ಟುಕೊಂಡು ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದಳು. ನನ್ನ ಉಬ್ಬು ಇಳಿಯುತ್ತ ಬಂದಿತ್ತು, ಇನ್ನೊಮ್ಮೆ ಬೆನ್ನಿಗೆ ಇಟ್ಟು ನೋಡೋಣ ಎಂದು ಅವಳಿಗೆ ಅನ್ನಿಸುತ್ತಿತ್ತೇನೋ. ಅಷ್ಟರಲ್ಲಿ ಒಳಗಿನಿಂದ "ವಿಶಾಲಾ, ಕಾಫಿ!" ಎಂಬ ಕೂಗು ಬರುತ್ತಿತ್ತು. ಅವಳು ಏಳುತ್ತಿದ್ದಳು. ತಿರುಗಿ ಬರುವಷ್ಟರಲ್ಲಿ ನನ್ನನ್ನು ಯಾರೋ ಒಯ್ದಿರುತ್ತಿದ್ದರು.

ಹಾಲಮ್ಮ ತೀರಿಕೊಂಡ ಮೇಲೆ ನನ್ನನ್ನು ಕೇಳುವವರು ಇಲ್ಲವಾದರು. ಹತ್ತಿ ಗಂಟುಗಟ್ಟಿತ್ತು, ಒಂದು ಮೂಲೆ ಬಿಚ್ಚಿತ್ತು. ಈರುಳ್ಳಿ ಚೀಲದ ಮೇಲೆ ಬಿದ್ದುಕೊಂಡೆ. ಒಬ್ಬರಿಗೆಂದು ಹುಟ್ಟಿ ಎಲ್ಲರಿಗೂ ಒದಗಿದರೆ ದಣಿವು ಬೇಗ ಬರುತ್ತದೆ. ಅಲ್ಲಿಂದ ವಿಶಾಲಾಕ್ಷಿ ಕಾಣುತ್ತಿದ್ದಳು. ಟವೆಲ್ಲು ಸುತ್ತಿ ಸೊಂಟದ ಹಿಂದಿಟ್ಟುಕೊಂಡು ಒಗೆದ ಬಟ್ಟೆ ಮಡಚುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು.

ಒಂದು ಭಾನುವಾರ, ಕಾಲೇಜು ಓದುತ್ತಿದ್ದ ಚಂದನಾ ನನ್ನನ್ನು ಎಸೆಯಲೆಂದು ಎತ್ತಿಕೊಂಡಳು. ಹಿತ್ತಿಲ ಬಾಗಿಲಲ್ಲಿ ಅಮ್ಮನ ಟವೆಲ್ಲು ಜಾರಿದ್ದನ್ನು ಕಂಡು ನಿಂತಳು.

"ಅಮ್ಮಾ, ಒಂಚೂರು ಒರಗು." ಅಮ್ಮನ ಸೊಂಟಕ್ಕೂ ಕುರ್ಚಿಗೂ ನಡುವಿನ ಖಾಲಿ ಜಾಗದಲ್ಲಿ ಕೈಯಿಟ್ಟಳು. "ನೋಡು, ಒಂದು ಗೇಣು ಕೂಡ ಇಲ್ಲ. ಬೇಕಾಗಿದ್ದು ಇಷ್ಟೇ. ಸೊಂಟಕ್ಕೆ ದಿಂಬು ಮಾಡ್ಸೋಕೆ ಕುರ್ಚಿ ಅಳೆದೆ ಅಂತ ಅಜ್ಜಿ ನಗ್ತಿದ್ರು, ಯಾಕಮ್ಮ ಹಾಗೆ ಅಳೆದೆ?"

ವಿಶಾಲಾಕ್ಷಿ ಮಡಚುತ್ತಿದ್ದ ಅಂಗಿಯನ್ನು ಹಾಗೇ ಹಿಡಿದು ಕೂತಳು. "ಕುರ್ಚಿ ಅಳೆಯೋದೇ ರೂಢಿ ಕಣೇ. ನನ್ನ ಅಳತೆ ಯಾರು ತಗೋತಾರೆ?"

ಚಂದನಾ ನನ್ನ ಹೊಲಿಗೆ ಬಿಚ್ಚಿದಳು. ಗಂಟುಗಟ್ಟಿದ ಹತ್ತಿ ಎಸೆದು, ಉಳಿದದ್ದನ್ನು ಬಿಸಿಲಿಗೆ ಹರಡಿದಳು. ಸಂಜೆ ಗವಸನ್ನು ಅರ್ಧ ಕತ್ತರಿಸಿ ತುಂಬಿ ಹೊಲಿದಳು.

"ಇಲಿ ಕಡಿದಂಗೈತಿ ನಿನ್ನ ಹೊಲಿಗೆ," ಎಂದಳು ಅಮ್ಮ.

"ಹಿಂದಕ್ಕಿರೋದು, ಯಾರು ನೋಡ್ತಾರೆ? ಒರಗು ನೀನು."

ಅವಳು ಒರಗಿದಳು. ಮೊದಲು ಅಳುಕುತ್ತ, ಆಮೇಲೆ ಪೂರ್ತಿ. ಇಷ್ಟು ವರ್ಷಗಳಲ್ಲಿ ಅವಳ ಭಾರ ಎಷ್ಟೆಂದು ನನಗೆ ತಿಳಿದದ್ದು ಆಗಲೇ. ಅವಳ ಉಸಿರು ಉದ್ದವಾಗಿ ಹೊರಬಂತು.

"ವಿಶಾಲಾ, ಕಾಫಿ!" ಒಳಗಿನಿಂದ ತಿಪ್ಪೇಶನ ದನಿ.

ಬೆನ್ನು ತಾನಾಗಿಯೇ ನನ್ನನ್ನು ಬಿಟ್ಟು ಎದ್ದಿತು. ಚಂದನಾ ಅಮ್ಮನ ಹೆಗಲ ಮೇಲೆ ಕೈಯಿಟ್ಟಳು.

"ಅಪ್ಪಾ, ಅಮ್ಮ ಕೂತಿದ್ದಾಳೆ."

ಅಡುಗೆಮನೆಯಲ್ಲಿ ಪಾತ್ರೆಗಳನ್ನು ತಡಕಾಡುವ ಸಪ್ಪಳ. "ಸಕ್ಕರೆ ಡಬ್ಬಿ ಎಲ್ಲೈತೆ?"

"ಒಲೆ ಪಕ್ಕದಾಗೆ," ಎಂದಳು ವಿಶಾಲಾಕ್ಷಿ. ಏಳಲಿಲ್ಲ. ಮೆಲ್ಲಗೆ ಮತ್ತೆ ನನ್ನ ಮೇಲೆ ಒರಗಿದಳು.