ಕತ್ತರಿಯ ಬಾಯಿಗೆ ಚಿಂದಿ

ಆಂಧ್ರದ ಗಡಿಯ ರಾಯದುರ್ಗದ ಮುನಿಸಿಪಾಲ್ಟಿಗೆ ಚೇರ್ಮನ್ನರನ್ನು ಜನರೇ ನೇರವಾಗಿ ವೋಟು ಹಾಕಿ ಆರಿಸುತ್ತಿದ್ದ ಕಾಲ. ಆ ಸಲ ಕುರ್ಚಿ ಹೆಂಗಸರಿಗೆ ಮೀಸಲಾಯಿತು. ಹೆಂಗಸರಿಗೆ ಅಂದರೆ ದೊಡ್ಡ ಗಂಡಸರ ಹೆಂಡತಿಯರಿಗೆ ಅಂತಲೇ ಊರು ತಿಳಿದಿತ್ತು. ಜೀನ್ಸ್ ಶೆಡ್ಡಿನ ಮಾಲೀಕ ಬಸವರಾಜು ತನ್ನ ಹೆಂಡತಿಯನ್ನು ನಿಲ್ಲಿಸಿದ. ಪೋಸ್ಟರಿನಲ್ಲಿ ಆಕೆಯ ಮುಖಕ್ಕಿಂತ ಇವನ ಮೀಸೆಯೇ ದೊಡ್ಡದಿತ್ತು. ಆಕೆಯ ಎದುರು ನಿಂತವಳು ಅದೇ ಶೆಡ್ಡಿನಲ್ಲಿ ಪ್ಯಾಂಟಿಗೆ ಜೇಬು ಹೊಲಿಯುವ ದುರ್ಗಾ.

ನಿಂತವಳು ಅನ್ನುವುದಕ್ಕಿಂತ ನಿಲ್ಲಿಸಲ್ಪಟ್ಟವಳು ಅನ್ನಬೇಕು. ನಿಲ್ಲಿಸಿದವಳು ಪಕ್ಕದ ಮೆಷಿನ್ನಿನಲ್ಲಿ ಜಿಪ್ಪು ಕೂರಿಸುವ ಕೊಟ್ರಮ್ಮ. ವಯಸ್ಸು ಐವತ್ತು ದಾಟಿತ್ತು, ಬಾಯಿಗೆ ಮಾತ್ರ ಇನ್ನೂ ಇಪ್ಪತ್ತು. ಶೆಡ್ಡುಗಳ ಆ ಓಣಿಯಲ್ಲಿ ನಾನೂರು ಹೆಂಗಸರು ಹೊಲಿಯುತ್ತಿದ್ದರು, ಒಂದೇ ಒಂದು ಪಾಯಖಾನೆ ಇರಲಿಲ್ಲ. ಗಂಡಸರಿಗೆ ಗೋಡೆ ಇತ್ತು, ಹೆಂಗಸರು ಏನು ಮಾಡಬೇಕು? ಬೆಳಿಗ್ಗೆ ಮನೆಯಲ್ಲಿ ಕುಡಿದ ಅರ್ಧ ಲೋಟ ಚಹಾ, ಮತ್ತೆ ಸಂಜೆ ಮನೆ ಮುಟ್ಟುವ ತನಕ ತುಟಿ ಒದ್ದೆ ಮಾಡಿಕೊಳ್ಳುವಷ್ಟೇ ನೀರು. ಬೇಸಿಗೆಯಲ್ಲಿ ಒಂದು ದಿನ ದುರ್ಗಾ ಹೊಟ್ಟೆ ಹಿಡಿದುಕೊಂಡು ಮೆಷಿನ್ನಿನ ಮೇಲೇ ಬಿದ್ದಳು. "ನೀರು ಯಾಕೆ ಕುಡಿಯಲ್ಲಮ್ಮಾ?" ಎಂದು ಡಾಕ್ಟರು ಬೈದರು. ಕೇಳುವವರಿಗೇನು, ಕೇಳುತ್ತಾರೆ.

"ಅರ್ಜಿ ಕೊಟ್ಟು ಕೊಟ್ಟು ಸಾಕಾತು," ಎಂದಳು ಕೊಟ್ರಮ್ಮ. "ಆ ಕುರ್ಚಿ ಮ್ಯಾಲೆ ನೀನ ಕುಂದ್ರು. ಹೊಟ್ಟಿ ನೋವು ಗೊತ್ತಿದ್ದಾಕಿ ಕುಂತ್ರನ ಪಾಯಖಾನೆ ಆಗೋದು."

"ನಂಗ್ಯಾಕ ಚಿಗವ್ವಾ ಈ ಉಸಾಬರಿ?" ಎಂದು ದುರ್ಗಾ ಹೆದರಿದಳು. ಗಂಡ ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ ಕೆಲಸಕ್ಕೆ ಹೋದವನು, ತಿಂಗಳಿಗೊಮ್ಮೆ ಬರುವವನು. ಎರಡು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದವು. ಆದರೂ ಕೊಟ್ರಮ್ಮ ಬಿಡಲಿಲ್ಲ. ತಾನೇ ಸೂಚಕಳಾಗಿ ಸಹಿ ಹಾಕಿ ನಾಮಪತ್ರ ಕೊಡಿಸಿದಳು.

ಮರುದಿನ ಬಸವರಾಜು ಶೆಡ್ಡಿನ ನಡುವೆ ನಿಂತು, ಎಲ್ಲ ಮೆಷಿನ್ನುಗಳನ್ನೂ ನಿಲ್ಲಿಸಿ ಹೇಳಿದ: "ಗೆದ್ರ ನಿನ್ ಕಾಲಿಗೆ ಬೀಳ್ತೀನಿ ದುರ್ಗಮ್ಮಾ. ಸೋತ್ರ ನನ್ ಶೆಡ್ಡು ಅಷ್ಟ ಅಲ್ಲ, ಈ ಓಣ್ಯಾಗ ಯಾವ ಶೆಡ್ಡಿನಾಗೂ ನಿಂಗ ಮೆಷಿನ್ ಸಿಗಂಗಿಲ್ಲ." ಅವನು ಸುಳ್ಳು ಹೇಳುವ ಮನುಷ್ಯನಲ್ಲ, ಅದೇ ಕಷ್ಟ. ಆ ದಿನದಿಂದ ಕೊಟ್ರಮ್ಮನಿಗೆ ಒಂದೇ ಚಿಂತೆ. ತನ್ನ ಮಾತು ಕೇಳಿ ಒಂದು ಸಂಸಾರ ಬೀದಿಗೆ ಬಂದರೆ ಯಾವ ದೇವರು ತನ್ನನ್ನು ಕ್ಷಮಿಸುತ್ತಾನೆ?

ಪಕ್ಷವಿಲ್ಲದ ದುರ್ಗಾಗೆ ಕತ್ತರಿಯ ಗುರುತು ಬಂತು. ಹೊಲಿಗೆಯ ಊರಿಗೆ ಕತ್ತರಿ! ಇಬ್ಬರೂ ಕುಣಿದಾಡಿದ್ದೇ ಬಂತು. ಪೋಸ್ಟರು ಹಿಡಿದು ಹೊಲಿಗೆಯವರ ಮನೆಗಳಿಗೆ ಹೋದರೆ ಒಬ್ಬಳೂ ಬಾಗಿಲಿಗೆ ಅಂಟಿಸಲು ಒಪ್ಪಲಿಲ್ಲ. ದಾರ ಕತ್ತರಿಸುವ ಕೆಲಸದ ಮುದುಕಿ ಉಚ್ಚಂಗಮ್ಮ ಪೋಸ್ಟರು ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದಳು.

"ಯವ್ವಾ, ಬಾಯಿ ತೆರೆದ ಕತ್ತರಿ! ಬರೀ ಕತ್ತರಿ ಆಡಿಸಿದ್ರನ ಮನಿಯಾಗ ಜಗಳ ಆಕ್ಕೈತಿ. ಇದನ್ನ ಬಾಗ್ಲಿಗೆ ಬಡಿದ್ರ ನಾಳೆ ಬೆಳಿಗ್ಗಿಗೆ ನಾನೂ ನನ್ ಸೊಸಿನೂ ಜುಟ್ಟು ಹಿಡ್ಕಂಡಿರ್ತೀವಿ. ವೋಟು ಬೇಕಾದ್ರ ಹಾಕ್ತೀನಿ, ಇದನ್ನ ಮಾತ್ರ ಒಲ್ಲೆ."

ಹೊಲಿಗೆಯವರ ನಂಬಿಕೆ ಅದು. ಬಟ್ಟೆಯಿಲ್ಲದೆ ಕತ್ತರಿ ಆಡಿಸಬಾರದು, ಬಾಯಿ ತೆರೆದು ಇಡಲೂಬಾರದು. ಇದು ಕೊಟ್ರಮ್ಮನಿಗೂ ಗೊತ್ತಿತ್ತು, ಖುಷಿಯಲ್ಲಿ ಮರೆತಿದ್ದಳು. ಪೋಸ್ಟರಿನಲ್ಲೇ ಹೆದರುವವರು ವೋಟಿನ ಚೀಟಿಯಲ್ಲಿ ಹೆದರದೆ ಇರುತ್ತಾರೆಯೇ? ಮೂರು ದಿನ ಪೋಸ್ಟರುಗಳ ಕಟ್ಟು ಹಾಗೇ ಮೂಲೆಯಲ್ಲಿ ಬಿದ್ದಿತ್ತು.

ನಾಲ್ಕನೆಯ ದಿನ ಸಂಜೆ ಕೆಲಸ ಬಿಡುವಾಗ ಕೊಟ್ರಮ್ಮ ದಿನದಂತೆ ತನ್ನ ಕತ್ತರಿಯ ಬಾಯಿಗೆ ಒಂದು ತುಂಡು ಚಿಂದಿ ಕೊಟ್ಟು ಮೆಷಿನ್ನಿನ ಡ್ರಾಯರಿನಲ್ಲಿಟ್ಟಳು. ಓಣಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಬಾಯಲ್ಲಿ ಬಟ್ಟೆ ಇದ್ದರೆ ಕತ್ತರಿ ಜಗಳ ತರುವುದಿಲ್ಲ. ಇಟ್ಟ ಕೈ ಅಲ್ಲೇ ನಿಂತಿತು. ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳಲಿ, ಇದು ಮೊದಲೇ ಯಾಕೆ ಹೊಳೆಯಲಿಲ್ಲ!

ಮರುದಿನ ಪೋಸ್ಟರಿನ ಕತ್ತರಿಯ ಬಾಯಿಗೆ ಬೆರಳಗಲದ ನೀಲಿ ಚಿಂದಿ ಅಂಟಿಸಿಕೊಂಡು ಹೊರಟಳು. ಉಚ್ಚಂಗಮ್ಮ ಬಗ್ಗಿ ನೋಡಿ, ಮುಟ್ಟಿ ನೋಡಿ, "ಹಾಂ, ಈಗ ಸುಮ್ನಿರತೈತಿ," ಎಂದು ತಾನೇ ಬಾಗಿಲಿಗೆ ಅಂಟು ಬಳಿದಳು. ವಾರ ತುಂಬುವುದರೊಳಗೆ ಹೊಲಿಗೆಯವರ ಮನೆ ಬಾಗಿಲುಗಳಿಗೆಲ್ಲ ನೀಲಿ ಚಿಂದಿ ಬಂತು. ಬಸವರಾಜುವಿನ ಶೆಡ್ಡಿನ ಕಸದ ಚೀಲದಿಂದಲೇ ಎತ್ತಿದ ಚಿಂದಿ ಅದು. "ಬಾಯಿಗೆ ಬಟ್ಟಿ ಕೊಡ್ರವ್ವಾ, ಜಗಳ ಇಲ್ಲ ಏನಿಲ್ಲ!" ಎಂದು ಕೊಟ್ರಮ್ಮ ಮನೆಮನೆಗೆ ಸಾರಿದಳು. ಆ ಮಾತು ಎಲ್ಲಿಯ ತನಕ ಹೋಗುತ್ತದೆಂದು ಅವಳಿಗೇನು ಗೊತ್ತು.

ಗೊತ್ತಾಗಿದ್ದು ಎಣಿಕೆಯ ದಿನ. ದುರ್ಗಾಳ ಏಜೆಂಟಾಗಿ ಕೊಟ್ರಮ್ಮ ಹೈಸ್ಕೂಲಿನ ದೊಡ್ಡ ಕೊಠಡಿಯೊಳಗೆ ಕೂತಿದ್ದಳು, ಬಸವರಾಜುವಿನ ಕಡೆಯಿಂದ ಅವನ ಮೇಸ್ತ್ರಿ ಹುಲುಗಪ್ಪ ಬಂದಿದ್ದ. ಮೊದಲ ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದರು. ಮಡಿಸಿದ ಚೀಟಿ ಬಿಚ್ಚಿದರೆ ಒಳಗಿನಿಂದ ನೀಲಿ ಚಿಂದಿಯೊಂದು ಬಿತ್ತು. ಇನ್ನೊಂದು ಬಿಚ್ಚಿದರೆ ಇನ್ನೊಂದು.

ಕೊಟ್ರಮ್ಮನಿಗೆ ತಟ್ಟನೆ ತಿಳಿಯಿತು. ಚೀಟಿಯ ಮೇಲಿನ ಕತ್ತರಿ ಬಾಯಿ ತೆರೆದುಕೊಂಡಿದ್ದನ್ನು ಕಂಡು ಹೆಂಗಸರು ಅದರ ಬಾಯಿಗೂ ಬಟ್ಟೆ ಕೊಟ್ಟು ಮಡಿಸಿದ್ದರು! ಯಾರನ್ನು ಬೈಯಬೇಕು? ಹೇಳಿಕೊಟ್ಟವಳು ತಾನೇ.

"ಸಾರ್, ಇದು ಗುರುತು! ಈ ಚೀಟಿ ಎಲ್ಲಾ ರದ್ದು ಮಾಡ್ರಿ!" ಎಂದು ಹುಲುಗಪ್ಪ ಕುರ್ಚಿಯಿಂದ ಹಾರಿ ನಿಂತ. ಯಾರು ಹಾಕಿದ್ದೆಂದು ಗೊತ್ತಾಗುವ ಗುರುತಿದ್ದರೆ ಚೀಟಿ ರದ್ದು, ಅದು ಕಾನೂನು. ಅನಂತಪುರದಿಂದ ಬಂದಿದ್ದ ಚುನಾವಣಾ ಅಧಿಕಾರಿ ಕನ್ನಡಕ ಏರಿಸಿ, "ಏಂಟಮ್ಮಾ ಇದಿ, ಏನಿದು?" ಎಂದು ಕೊಟ್ರಮ್ಮನ ಕಡೆ ನೋಡಿದರು. ಅವಳ ಬಾಯಿಂದ ಮಾತೇ ಹೊರಡಲಿಲ್ಲ, ಅದೂ ಕೊಟ್ರಮ್ಮನ ಬಾಯಿಂದ. ಅಧಿಕಾರಿ ಚಿಂದಿ ಸಿಕ್ಕ ಚೀಟಿಗಳನ್ನು ಚಿಂದಿಯ ಸಮೇತ ಬೇರೆ ಇಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಮಿಕ್ಕ ಚೀಟಿಗಳ ಎಣಿಕೆ ಮುಗಿಯಿತು. ಬಸವರಾಜುವಿನ ಹೆಂಡತಿ ನೂರಾ ಹದಿನೆಂಟು ವೋಟು ಮುಂದಿದ್ದಳು. ಬೇರೆ ಇಟ್ಟವು ಮುನ್ನೂರಾ ಆರು. ಅವುಗಳಲ್ಲಿ ಮುನ್ನೂರಾ ಎರಡಕ್ಕೆ ಕತ್ತರಿಯ ಮೇಲೆ ಮುದ್ರೆ ಬಿದ್ದಿತ್ತು. ಉಳಿದ ನಾಲ್ಕರಲ್ಲಿ ಚಿಂದಿಯೇನೋ ಇತ್ತು, ಮುದ್ರೆ ಮಾತ್ರ ಬಸವರಾಜುವಿನ ಹೆಂಡತಿಗೆ. ಕತ್ತರಿಗೆ ಹೆದರಿ ಅದರ ಬಾಯಿ ಮುಚ್ಚಿದರು, ವೋಟು ಧಣಿಗೆ ಹಾಕಿದರು. ಯಾವಳೇ ಆ ನಾಲ್ವರು ಎಂದು ಕೊಟ್ರಮ್ಮ ಹಲ್ಲು ಕಡಿದಳು. ಈ ಮುನ್ನೂರು ರದ್ದಾದರೆ ದುರ್ಗಾಳ ಕತೆ ಮುಗಿಯಿತು. ಚೆನ್ನಾಗಿ ಮುಗಿಸಿದೆ ಕೊಟ್ರಿ, ನಿನ್ನ ಚಿಂದಿಯಿಂದ ನೀನೇ ಅವಳ ಕುತ್ತಿಗೆಗೆ ಉರುಲು ಹೊಲಿದೆ.

ಅಧಿಕಾರಿ ಕಾನೂನಿನ ಪುಸ್ತಕ ತಿರುವಿದರು. ಎರಡು ಸಲ ಓದಿದರು. ಆಮೇಲೆ ಹುಲುಗಪ್ಪನನ್ನು ಕರೆದು ಎರಡು ಚಿಂದಿ ತೋರಿಸಿ, ಬೆನ್ನ ಹಿಂದೆ ಕೈ ಮಾಡಿ ಅದಲು ಬದಲು ಮಾಡಿ ಮತ್ತೆ ಮುಂದೆ ಹಿಡಿದರು.

"ಯಾವುದು ಯಾರದು, ಹೇಳಪ್ಪಾ."

"ಎಲ್ಲಾ ಗಾರ್ಮೆಂಟಿನ ಹೆಂಗಸ್ರದು ಸಾರ್!"

"ಹೆಂಗಸರು ಸರಿ. ಯಾವ ಹೆಂಗಸು?"

ಕೊಟ್ರಮ್ಮನಿಗೆ ಆಗ ಮಾತು ತಿರುಗಿ ಬಂತು. "ಸಾರ್, ನಾ ಇಪ್ಪತ್ತು ವರ್ಷ ಈ ಬಟ್ಟಿ ಹೊಲ್ದಾಕಿ. ಎಲ್ಲಾ ಒಂದ ಥಾನಿನದು, ಯಾರದಂತ ನಾನೂ ಹೇಳಂಗಿಲ್ಲ. ಹುಲುಗಪ್ಪಣ್ಣ ಹಾಕ್ಕಂಡಿರೋ ಪ್ಯಾಂಟೂ ಅದ ಬಟ್ಟಿರಿ. ಇದು ಗುರುತಾದ್ರ ಮೊದ್ಲು ಅವನ್ನ ರದ್ದು ಮಾಡ್ರಿ!"

ಎಣಿಸುತ್ತಿದ್ದ ಮೇಷ್ಟ್ರುಗಳು ನಕ್ಕುಬಿಟ್ಟರು. ಅಧಿಕಾರಿ ನಗಲಿಲ್ಲ. ಆ ನಾಲ್ಕು ಚೀಟಿಗಳನ್ನು ಹುಲುಗಪ್ಪನ ಮುಂದಿಟ್ಟರು. "ಇವು ನಿಮ್ಮ ವೋಟು. ಇವುಗಳಲ್ಲೂ ಚಿಂದಿ ಇತ್ತು. ಇದು ದುರ್ಗಮ್ಮನ ಕಡೆಯವರ ಗುರುತು ಅನ್ನುತ್ತೀಯಾ, ಅಥವಾ ನಿಮ್ಮ ಗುರುತಾ?" ಅಧಿಕಾರಿ ಎಣಿಸುವವರ ಕಡೆ ತಿರುಗಿದರು. "ಚೀಟಿಯ ಮೇಲೆ ಮುದ್ರೆ ಸರಿಯಾಗಿದೆ, ಬೇರೆ ಗೀಟಿಲ್ಲ, ಬರಹವಿಲ್ಲ. ಬಟ್ಟೆ ಚೀಟಿಯ ಭಾಗವಲ್ಲ, ಯಾರದೆಂದು ತಿಳಿಯುವಂತೆಯೂ ಇಲ್ಲ. ಎಲ್ಲಾ ಎಣಿಸಿ!"

ತಾನು ಹಲ್ಲು ಕಡಿದಿದ್ದ ಆ ನಾಲ್ವರಿಗೇ ಕೊಟ್ರಮ್ಮ ಮನಸ್ಸಿನಲ್ಲೇ ಕೈ ಮುಗಿದಳು. ನೂರಾ ಎಂಬತ್ತು ವೋಟುಗಳಿಂದ ದುರ್ಗಾ ಗೆದ್ದಳು.

ಹೊರಗೆ ಬೇವಿನ ಮರದ ಕೆಳಗೆ ಬೆಳಿಗ್ಗೆಯಿಂದ ಹೆಂಗಸರು ಕಾದಿದ್ದರು. ನಡುವೆ ದುರ್ಗಾ ಮಕ್ಕಳಿಬ್ಬರನ್ನೂ ಹಿಡಿದುಕೊಂಡು ಕೂತಿದ್ದಳು. ಕೊಟ್ರಮ್ಮ ಮೆಟ್ಟಿಲಿಳಿದು ಬಂದಳು. ಕಣ್ಣು ಧಾರಾಕಾರ. ಆ ಕಣ್ಣೀರು ಕಂಡು ದುರ್ಗಾಳ ಮುಖ ಬಿಳಿಚಿಕೊಂಡಿತು. "ಏನಾತು ಚಿಗವ್ವಾ?"

ಕೊಟ್ರಮ್ಮ ಕಣ್ಣು ಒರೆಸಿಕೊಂಡಳು. ಉಚ್ಚಂಗಮ್ಮನ ಪಕ್ಕದಲ್ಲಿದ್ದ ತುಂಬಿದ ಚೊಂಬನ್ನು ಎತ್ತಿ, ಗಟಗಟ ಕುಡಿದಳು. ಕೊನೆಯ ಹನಿಯ ತನಕ ಕುಡಿದು, ಇನ್ನೊಂದು ಚೊಂಬಿಗೆ ಕೈ ಚಾಚಿದಳು. ಮಧ್ಯಾಹ್ನ ಒಂದು ಗಂಟೆಗೆ, ಮನೆಯೂ ಪಾಯಖಾನೆಯೂ ಅಷ್ಟು ದೂರ ಇರುವಾಗ, ಓಣಿಯ ಯಾವ ಹೆಂಗಸೂ ಹಾಗೆ ನೀರು ಕುಡಿದದ್ದನ್ನು ಯಾರೂ ಕಂಡಿರಲಿಲ್ಲ.

"ಗೆದ್ವಿ!" ಎಂದು ಕಿರುಚಿದವಳು ಉಚ್ಚಂಗಮ್ಮ.

ಆಮೇಲೆ ಚೊಂಬು ಕೈಯಿಂದ ಕೈಗೆ ಹೋಯಿತು. ಕುಡಿದರು, ನಕ್ಕರು, ಅತ್ತರು, ಮತ್ತೆ ತುಂಬಿಸಿಕೊಂಡು ಕುಡಿದರು. ಮಕ್ಕಳನ್ನು ಅಪ್ಪಿಕೊಂಡು ಬಿಕ್ಕುತ್ತಿದ್ದ ದುರ್ಗಾ ಅದನ್ನು ನೋಡಿ ಗಾಬರಿಯಿಂದ ಎದ್ದು ನಿಂತಳು.

"ಯವ್ವಾ, ಸ್ವಲ್ಪ ತಡಕಳ್ರೇ! ಇನ್ನಾ ಕಟ್ಟಿಸಿಲ್ಲ!"